ಕಡಲಹುಲ್ಲು ಮತ್ತು ದ್ವೀಪಗಳ ಪುನಶ್ಚೇತನಕ್ಕೆ ಸ್ಥಳೀಯ ಸಂಸ್ಥೆಗಳು ಹಣ ಹಾಕಬೇಕೇ?

ಪರ: ಹೊಣೆ ದಡದವರದೇ

ಕಡಲಹುಲ್ಲು ಪಾಚಿಯಲ್ಲ, ಮರಳಲ್ಲಿ ಬೇರಿಳಿಸಿ ನೀರೊಳಗೇ ಹೂ ಬಿಡುವ ಗಿಡ. ಮೇಲ್ಮೈಗೆ ಬೀಳುವ ಬೆಳಕಿನಲ್ಲಿ ಸುಮಾರು ಐದನೇ ಒಂದು ಪಾಲಾದರೂ ತಳ ಮುಟ್ಟದಿದ್ದರೆ ಇದರ ಹಲವು ಜಾತಿಗಳು ಸೊರಗುತ್ತವೆ. ಚರಂಡಿಯ ಸಾರಜನಕ ಕೊಲ್ಲಿಗಿಳಿದರೆ ತೇಲುಪಾಚಿ ಹಬ್ಬಿ ಆ ಬೆಳಕನ್ನು ತಡೆಯುತ್ತದೆ. ಒಳಚರಂಡಿ, ದೋಣಿಕಟ್ಟೆ, ದಡದ ಕಟ್ಟಡಗಳ ಪರವಾನಗಿ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯ ಕೈಯಲ್ಲೇ ಇರುವಾಗ, ಹುಲ್ಲಿನ ಹೊಣೆಯನ್ನು ಮಾತ್ರ ಬೇರೆಯವರ ಮೇಲೆ ಹೊರಿಸುವುದು ಸರಿಯಲ್ಲ.

ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ಕೊಲ್ಲಿಯನ್ನೇ ನೋಡಿ. 1990ರ ದಶಕದಲ್ಲಿ ಸುತ್ತಲಿನ ನಗರ, ಕೌಂಟಿ (ಅಲ್ಲಿನ ಜಿಲ್ಲಾಡಳಿತ), ಕಾರ್ಖಾನೆಗಳು ಸೇರಿ ಸಾರಜನಕಕ್ಕೆ ಮಿತಿ ಹಾಕಿಕೊಂಡವು. 38,000 ಎಕರೆ ಹುಲ್ಲಿನ ಗುರಿಯನ್ನು 2010ರ ದಶಕದ ಮಧ್ಯದ ಹೊತ್ತಿಗೆ ಕೊಲ್ಲಿ ದಾಟಿತು.

ಸಣ್ಣ ಖರ್ಚಿನ ಕೆಲಸವೂ ಇದೆ. ಸರಪಳಿ ಲಂಗರಿಗೆ ಕಟ್ಟಿದ ದೋಣಿ ಗಾಳಿಗೆ ತಿರುಗಿದಂತೆಲ್ಲ ತಳದಲ್ಲಿ ಬಿದ್ದ ಸರಪಳಿಯೂ ತಿರುಗಿ ಹುಲ್ಲನ್ನು ಬೇರುಸಮೇತ ಕೆರೆಯುತ್ತದೆ. ಲಂಗರಿನ ಸುತ್ತ ದುಂಡಗಿನ ಬೋಳು ಜಾಗ ಉಳಿಯುತ್ತದೆ. ಬದಲಿಗೆ ತಳಕ್ಕೆ ತಿರುಪು ಗೂಟ ಇಳಿಸಿ, ಹಿಗ್ಗುವ ಹಗ್ಗ ಕಟ್ಟಿ, ಹಗ್ಗದ ನಡುವೆ ಸಣ್ಣ ತೇಲುಬುರುಡೆ ಸೇರಿಸಿದರೆ ನೆಲಕ್ಕೆ ಏನೂ ತಾಗುವುದಿಲ್ಲ. ಹಳೆಯ ಲಂಗರುಗಳನ್ನು ಬದಲಿಸುವ ವೆಚ್ಚವನ್ನು ಸ್ಥಳೀಯ ಸಂಸ್ಥೆಯೇ ಭರಿಸಲಿ.

ಅಲೆಗೆ ಕೊರೆದುಹೋಗುವ ದ್ವೀಪವನ್ನು ಮತ್ತೆ ಕಟ್ಟಲೂ ದಾರಿಯಿದೆ. ಹಡಗುದಾರಿಯಿಂದ ಎತ್ತಿದ ಹೂಳಿನಲ್ಲಿ ವಿಷಲೋಹಗಳಿಲ್ಲವೆಂದು ಪರೀಕ್ಷಿಸಿ, ಅಲೆ ಹೊಡೆಯುವ ಬದಿಗೆ ಮೊದಲು ಕಲ್ಲಿನ ತಡೆ ಕಟ್ಟಿ, ಆಮೇಲೆ ತುಂಬಬೇಕು. ಹೂಳು ಕುಸಿಯುವುದರಿಂದ ಬೇಕಾದ ಎತ್ತರಕ್ಕಿಂತ ತುಸು ಹೆಚ್ಚೇ ತುಂಬಿ, ಅದು ಇಳಿದು ನಿಂತ ಮೇಲೆ ಗಿಡ ನೆಡಬೇಕು.

ವಿರೋಧ: ನಾಟಿಗೂ ದ್ವೀಪಕ್ಕೂ ಬೇಡ

ಟ್ಯಾಂಪಾದ ಗೆಲುವು ಬಂದದ್ದು ಮುಖ್ಯವಾಗಿ ಕೊಳಚೆ ನೀರಿನ ಶುದ್ಧೀಕರಣದಿಂದ, ಹುಲ್ಲು ನಾಟಿ ಮಾಡಿದ್ದರಿಂದಲ್ಲ. ಅಷ್ಟಾದರೂ 2016ರ ನಂತರ ಹುಲ್ಲು ಮತ್ತೆ ಕುಸಿದು 2022ರ ಹೊತ್ತಿಗೆ 30,000 ಎಕರೆಯ ಆಸುಪಾಸಿಗೆ ಬಂತು.

ನಾಟಿ ಪರವಾದಿಗಳು ಅಮೆರಿಕದ ವರ್ಜೀನಿಯಾ ರಾಜ್ಯದ ಕರಾವಳಿಯ ಕೊಲ್ಲಿಗಳನ್ನು ತೋರಿಸುತ್ತಾರೆ. ಅಲ್ಲಿ 1999ರಿಂದ 7 ಕೋಟಿಗೂ ಹೆಚ್ಚು ಬೀಜ ಬಿತ್ತಿ, ಸುಮಾರು 3,600 ಹೆಕ್ಟೇರ್ ಹುಲ್ಲು ಮರಳಿ ಬಂದದ್ದು ನಿಜ. ಆದರೆ ಆ ಕೊಲ್ಲಿಗಳ ನೀರು ತಿಳಿಯಾಗಿಯೇ ಇತ್ತು. 1930ರ ದಶಕದ ರೋಗ ಮತ್ತು ಚಂಡಮಾರುತಕ್ಕೆ ಹುಲ್ಲು ಅಳಿದ ಮೇಲೆ ಬೀಜ ತಲುಪುವ ದಾರಿ ಇರಲಿಲ್ಲ, ಅಷ್ಟೇ. ಕೆಲಸವೂ ಎರಡು ದಶಕ ಹಿಡಿಯಿತು. ಕಲಕಿದ ನೀರಿನಲ್ಲಿ ಅದೇ ಬೀಜ ಚೆಲ್ಲಿದರೆ ಮೊಳಕೆ ಬೆಳಕಿಲ್ಲದೆ ಸಾಯುತ್ತದೆ. ಸಣ್ಣ ತುಂಡಾಗಿ ನೆಟ್ಟರೆ ಏಡಿ, ತೊರಕೆ ಮೀನುಗಳು ತಳ ಕೆದಕಿ ಕಿತ್ತುಹಾಕುತ್ತವೆ, ಇಲ್ಲವೇ ಒಂದೇ ಬಿರುಗಾಳಿಗೆ ಮರಳು ಮುಚ್ಚುತ್ತದೆ. ದೊಡ್ಡದಾಗಿ ನೆಡಲು ಬೇಕಾದ ಸಸಿಗಳನ್ನು ಆರೋಗ್ಯವಂತ ಹುಲ್ಲುಗಾವಲಿನಿಂದಲೇ ಕೀಳಬೇಕಾಗುತ್ತದೆ. ವರ್ಷದ ಬಜೆಟ್ಟಿಗೆ ಕಟ್ಟುಬಿದ್ದ ಸಂಸ್ಥೆ ನಾಟಿಯ ಬಿಲ್ಲು ಪಾವತಿಸಿ ಸುಮ್ಮನಾಗುತ್ತದೆ; ಮುಂದಿನ ವರ್ಷಗಳಲ್ಲಿ ಎಷ್ಟು ಉಳಿಯಿತೆಂದು ಎಣಿಸಲು ಹಣವಿರುವುದಿಲ್ಲ.

ದ್ವೀಪವಂತೂ ಇನ್ನೂ ದೊಡ್ಡ ಗಂಟು. ಅಮೆರಿಕದ ಚೆಸಪೀಕ್ ಕೊಲ್ಲಿಯ ಪಾಪ್ಲರ್ ದ್ವೀಪವನ್ನು ಹೂಳು ತುಂಬಿ ಮತ್ತೆ ಕಟ್ಟುತ್ತಿರುವುದು ಅಲ್ಲಿನ ಸೇನಾ ಎಂಜಿನಿಯರುಗಳು ಮತ್ತು ರಾಜ್ಯದ ಬಂದರು ಆಡಳಿತ, ಯಾವುದೋ ಪುರಸಭೆಯಲ್ಲ. ನಮ್ಮ ತಮಿಳುನಾಡಿನ ದಡದ ಮನ್ನಾರ್ ಕೊಲ್ಲಿಯ 21 ದ್ವೀಪಗಳಲ್ಲಿ ಎರಡು ನೀರಿನಡಿ ಸೇರಿವೆ. ಹವಳ ಅಗೆದದ್ದು ಅದಕ್ಕೊಂದು ದೊಡ್ಡ ಕಾರಣ. ಅಂಥ ನಷ್ಟವನ್ನು ಊರಿನ ತೆರಿಗೆಯಿಂದ ತುಂಬಲಾಗದು.

ಲಂಗರು ಬದಲಿಸುವುದಕ್ಕೆ ನಮ್ಮ ತಕರಾರಿಲ್ಲ. ಉಳಿದ ಹಣವೆಲ್ಲ ಒಳಚರಂಡಿಗೆ ಹೋಗಲಿ. ನೀರು ಸತತ ಕೆಲವು ವರ್ಷ ತಿಳಿಯಾಗಿದ್ದೂ ಹುಲ್ಲು ತಾನಾಗಿ ಬಾರದಿದ್ದರೆ ಆಗ ಬೀಜದ ಮಾತಾಡೋಣ.