ಆರು ತಿರುಗಿದರೆ ಒಂಬತ್ತು

ಶನಿವಾರ ಸಂಜೆ ಐದೂವರೆಗೆ ನಾನು ನಮ್ಮ ಚರ್ಚಿನ ಮುಂದಿನ ಬೆಂಚು ಹತ್ತಿ ಅಂಕಿ ಹಾಕುತ್ತೇನೆ. ಗೋಡೆಯಲ್ಲಿ ಒಂದು ಕರಿ ಮರದ ಹಲಗೆ ಉಂಟು. ಅದರಲ್ಲಿ ನಾಲ್ಕು ಸಾಲು ಸಂದು, ಮರುದಿನ ಹಾಡುವ ನಾಲ್ಕು ಹಾಡಿನ ನಂಬರಿಗೆ. ಅಂಕಿಗಳೆಂದರೆ ಬಿಳಿ ಪೇಂಟು ಬಳಿದ ತಗಡಿನ ತುಂಡುಗಳು, ಇಂಗ್ಲಿಷ್ ಅಂಕಿ. ಅವುಗಳ ಮನೆ ಒಂದು ಹಳೇ ಬಿಸ್ಕತ್ ಡಬ್ಬಿ. ಡಬ್ಬಿಯಲ್ಲಿ ಒಂದು, ಎರಡು, ಸೊನ್ನೆ ಧಾರಾಳ. ಒಂಬತ್ತು ಮಾತ್ರ ಒಂದೂ ಇಲ್ಲ. ಆರನ್ನೇ ತಲೆಕೆಳಗು ಮಾಡಿ ತುರುಕಬೇಕು. ಆರು ಇರುವುದು ಒಟ್ಟು ನಾಲ್ಕು.

ಒಮ್ಮೆ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, 69, 96, 196 ಎಂದು ಬರೆದುಕೊಟ್ಟರು. ನಾನು ಫೋನ್ ಮಾಡಿದೆ.

"ಅಯ್ಯನವರೇ, ಮೂರನೇ ಹಾಡು ಬೇರೆ ಆಗಬಹುದಾ?"

"ಯಾಕೆ ಮಗಾ, ರಾಗ ಬರುವುದಿಲ್ವಾ?"

"ರಾಗ ಬರ್ತದೆ. ಆರು ಇಲ್ಲ."

ಕನ್ನಡ ಅಂಕಿ ಬರೆಸಿದ್ದರೂ ಪಾರಾಗುತ್ತಿರಲಿಲ್ಲ ಎನ್ನಿ. ೬ಕ್ಕೂ ೯ಕ್ಕೂ ಬಾಲ ಯಾವ ಕಡೆ ಎಂಬುದೊಂದೇ ಜಗಳ.

ನನ್ನ ಕೆಲಸಕ್ಕೆ ಹಿಂದಿನ ಕಾಲದಲ್ಲಿ 'ಉಪದೇಶಿ' ಎಂದು ಹೆಸರಿತ್ತು. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನವರ ಕಾಲದ ಉಪದೇಶಿ ಕೊಡೆ ಹಿಡಿದು ಊರೂರು ನಡೆಯುತ್ತಿದ್ದನಂತೆ. ನನಗೆ ಸ್ಕೂಟರ್ ಉಂಟು, ಹೆಸರು 'ಸಭಾ ಕಾರ್ಯಕರ್ತ' ಎಂದಾಗಿದೆ, ಉಪದೇಶ ಮಾತ್ರ ತಿಂಗಳಿಗೆ ಒಂದೇ ಸಲ, ಅದೂ ಅಯ್ಯನವರು ಬೇರೆ ಊರಿಗೆ ಹೋದರೆ. ಉಳಿದ ದಿನ ನಾನು ಎಂತೆಂತ ಮಾಡುತ್ತೇನೆ ಎಂದು ಅಮ್ಮ ನೆಂಟರಿಗೆ ಹೇಳಲಿಕ್ಕೆ ಹೋಗಿ ಅರ್ಧದಲ್ಲಿ ನಿಲ್ಲಿಸುತ್ತಾಳೆ. ಗಂಟೆ ಬಾರಿಸುವುದು, ಸಂಡೇ ಸ್ಕೂಲಿನ ಮಕ್ಕಳಿಗೆ ಕ್ರಯಾನ್ ಹಂಚುವುದು, ಮತ್ತೆ ಎಣಿಸಿ ತೆಗೆದುಕೊಳ್ಳುವುದು, ಹಾಸಿಗೆ ಹಿಡಿದವರ ಮನೆಗೆ ಅಯ್ಯನವರ ಜೊತೆ ಹೋಗುವುದು, ಸ್ತ್ರೀ ಸಂಘದವರ ಚಾಪೆ ಬಿಸಿಲಿಗೆ ಹಾಕುವುದು, ಸತ್ತವರ ಮನೆಗೆ ಪ್ಲಾಸ್ಟಿಕ್ ಕುರ್ಚಿ ಸಾಗಿಸುವುದು. ಇವುಗಳ ನಡುವೆ ಎಲ್ಲಿ ಬಿಡುವು ಸಿಕ್ಕಿದರೂ ನಾನು ಫೋನಿನಲ್ಲಿ ಮೈಕ್ ನೋಡುತ್ತಿರುತ್ತೇನೆ. ಕಾಲರಿಗೆ ಸಿಕ್ಕಿಸುವ ಮೈಕ್. ಕೆಲವರು ಹೀಗೇ ಚಪ್ಪಲಿ ನೋಡುತ್ತಾರೆ, ಕೆಲವರು ಸೈಟು. ಕೊಳ್ಳಲಿಕ್ಕೇ ಎಂದಿಲ್ಲ.

ಈ ಹುಚ್ಚಿನಿಂದಲೇ ನನಗೆ ಕೆಲಸ ಸಿಕ್ಕಿದ್ದು. 2020ರ ಏಪ್ರಿಲ್ 12, ಈಸ್ಟರ್. ಊರಿಡೀ ಲಾಕ್‌ಡೌನ್. ಚರ್ಚಿನಲ್ಲಿ ಅಯ್ಯನವರು, ಕೀಬೋರ್ಡಿನ ಹುಡುಗ, ನಾನು, ಮೂರೇ ಜನ. ಉಳಿದದ್ದೆಲ್ಲ ಖಾಲಿ ಬೆಂಚು. ನಾನು ಆಗ ಯುವಜನ ಸಂಘದ ಕಾರ್ಯದರ್ಶಿ. ಹೂಕುಂಡ ಇಡುವ ಎತ್ತರದ ಸ್ಟೂಲಿಗೆ ಫೋನನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಲೈವ್ ಬಿಟ್ಟೆ. ನಮ್ಮ ಮುಖವೂ ಕಾಣಲಿ ಎಂದು ಮುಂದಿನ ಕ್ಯಾಮೆರಾ ಹಾಕಿದ್ದೆ. ಆ ಆ್ಯಪಿನಲ್ಲಿ ಮುಂದಿನ ಕ್ಯಾಮೆರಾ ಎಡವನ್ನು ಬಲ ಮಾಡಿ ತೋರಿಸುತ್ತದೆ ಎಂದು ಯಾರಿಗೆ ಗೊತ್ತು? ಅಯ್ಯನವರು ಎಡಗೈಯಿಂದ ಆಶೀರ್ವಾದ ಕೊಟ್ಟರು ಎಂದು ಮಧ್ಯಾಹ್ನ ಏಳು ಫೋನು ಬಂತು. ಗೋಡೆಯ ಮೇಲಿನ ವಾಕ್ಯವನ್ನು ಕನ್ನಡಿ ಹಿಡಿದು ಓದಿದೆವು ಎಂದು ಒಬ್ಬರು ಅಂಕಲ್ ಹೇಳಿದರು. ಅವರ ಮನೆಯವರು ಅಷ್ಟು ಗಮನವಿಟ್ಟು ಆ ವಾಕ್ಯ ಓದಿದ್ದು ಅದೇ ಮೊದಲಂತೆ.

ನನಗೆ ನಾಚಿಕೆ ಆಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಉಲ್ಟಾ ಅಕ್ಷರದ ಸಂಬಂಧ ನಮ್ಮ ಸಭೆಗೆ ಹಳೆಯದು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಏಳು ವರ್ಷದಲ್ಲಿ, 1841ಕ್ಕೆ, ಅವರಲ್ಲಿ ಕಲ್ಲಚ್ಚಿನ ಪ್ರೆಸ್ ಇತ್ತು. ನುಣುಪು ಸುಣ್ಣಗಲ್ಲಿನ ಮೇಲೆ ಜಿಡ್ಡು ಮಸಿಯಿಂದ ಬರೆದು, ಕಲ್ಲಿಗೆ ನೀರು ಹಚ್ಚಿ, ಅದರ ಮೇಲೆ ಶಾಯಿ ಉರುಳಿಸುವುದು. ನೀರಿದ್ದಲ್ಲಿ ಶಾಯಿ ನಿಲ್ಲುವುದಿಲ್ಲ, ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಅಷ್ಟೇ ವಿದ್ಯೆ. ಆದರೆ ಕಲ್ಲಿನ ಮೇಲೆ ನೇರ ಬರೆಯುವವನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯಬೇಕು. ಕನ್ನಡದ 'ಥ'ವನ್ನೂ 'ಧ'ವನ್ನೂ ನೆಟ್ಟಗೆ ಬರೆಯುವುದೇ ನನಗೆ ಕಷ್ಟ, ಇನ್ನು ಉಲ್ಟಾ! ಆ ಕಲ್ಲಚ್ಚಿನಲ್ಲೇ 1843ರ ಜುಲೈ 1ಕ್ಕೆ ಮೋಗ್ಲಿಂಗ್ ಅವರು ಮಂಗಳೂರ ಸಮಾಚಾರ ಹೊರತಂದದ್ದು, ಕನ್ನಡದ ಮೊದಲ ಪತ್ರಿಕೆ. ಈಗ ಆ ದಿನವನ್ನು ರಾಜ್ಯವೆಲ್ಲ ಪತ್ರಿಕಾ ದಿನ ಎಂದು ಆಚರಿಸುತ್ತದೆ. ನನಗೆ ಮಾತ್ರ ಕಣ್ಣಿಗೆ ಬರುವುದು ಭಾಷಣ ಹಾರ ಅಲ್ಲ. ಜುಲೈ ತಿಂಗಳು, ಹೊರಗೆ ಜಡಿಮಳೆ, ಗೋಡೆ ಬೆವರುತ್ತಿದೆ, ಕಾಗದ ಹಪ್ಪಳ ನೆನೆದ ಹಾಗೆ ಆಗಿದೆ, ಇವರು ಕಲ್ಲು ಒರೆಸುತ್ತಾ ಕೂತಿದ್ದಾರೆ. ಖಂಡಿತ ಯಾರಾದರೂ ಹಿರಿಯರು ಬಾಗಿಲಲ್ಲಿ ನಿಂತು "ಇದೆಲ್ಲ ಬೇಕಿತ್ತಾ?" ಎಂದು ಕೇಳಿರುತ್ತಾರೆ. ಅಂಥವರಿಲ್ಲದ ಸಭೆಯನ್ನು ನಾನಂತೂ ಕಂಡಿಲ್ಲ.

ನಮ್ಮ ಚರ್ಚಿನ ಮಾಡಿನ ಮೇಲೂ ಅವರದೇ ವಿದ್ಯೆ ಕೂತಿದೆ. ಇಂಟರ್‌ನೆಟ್ಟಿನ ವಯರು ಒಳಗೆ ತರಲಿಕ್ಕೆ ಏಣಿ ಹತ್ತಿ ಒಂದು ಹಂಚು ಸರಿಸಿದಾಗ ಅದರ ಬೆನ್ನಿನಲ್ಲಿ ಮುದ್ರೆ ಕಂಡಿತು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಮಂಗಳೂರಿನ ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ಹಂಚು ಗಟ್ಟಿಯಾಗಿಯೇ ಇತ್ತು. ವಯರು ಮಾತ್ರ ಮೊದಲ ಮಳೆಗೇ ಇಲಿಯ ಪಾಲಾಯಿತು.

ಆಮೇಲೆ ಪ್ರೊಜೆಕ್ಟರ್ ಬಂತು. ಹಾಡುಗಳನ್ನು ಯಾರೋ ಪುಣ್ಯಾತ್ಮರು ಹಿಂದೆಯೇ ಟೈಪ್ ಮಾಡಿ ಸಿಡಿಯಲ್ಲಿ ಇಟ್ಟಿದ್ದರು. ಅದು ಯೂನಿಕೋಡ್ ಅಲ್ಲದ ಹಳೇ ಫಾಂಟು. ಅಂಥ ಫಾಂಟಿನಲ್ಲಿ ಕಂಪ್ಯೂಟರು ಒಳಗೆ ಇಟ್ಟುಕೊಂಡಿರುವುದು ಇಂಗ್ಲಿಷಿನ ಗುರುತುಗಳನ್ನು, ಫಾಂಟು ಅದರ ಮೇಲೆ ಕನ್ನಡದ ವೇಷ ಹಾಕುತ್ತದೆ. ವೇಷದ ಪೆಟ್ಟಿಗೆ ಬಿಟ್ಟು ಬಂದರೆ ಒಳಗಿನದ್ದು ಹಾಗೇ ಹೊರಗೆ ಬರುತ್ತದೆ. ನಾನು ಬಿಟ್ಟು ಬಂದಿದ್ದೆ. ಭಾನುವಾರ ಮೊದಲ ಹಾಡಿಗೆ ಎಲ್ಲರೂ ಎದ್ದು ನಿಂತು ಪರದೆ ನೋಡಿದರೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ. ಎರಡನೇ ಬೆಂಚಿನ ಟೀಚರಜ್ಜಿ ಕನ್ನಡಕ ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಪ್ರಾರ್ಥನೆಯಲ್ಲಿ ಯಾರಿಗೂ ಅರ್ಥವಾಗದ ಅನ್ಯಭಾಷೆ ಬರುವುದು ಪೆಂತೆಕೋಸ್ತಿನವರಿಗೆ ಅಂತ ಇದ್ದೆ. ನಮ್ಮ ಗೋಡೆಗೂ ಬಂತಲ್ಲ!"

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದೆ. ನಮ್ಮ ಹಾಡುಗಳಿಗೆ ಅದು ಸಿಕ್ಕಿದ್ದು ಆಮೇಲಿನ ಮಳೆಗಾಲದಲ್ಲಿ, ನಾನು ರಾತ್ರಿ ಕೂತು ಒಂದೊಂದಾಗಿ ತಿದ್ದಿದ್ದಕ್ಕೆ. ಅರ್ಕಾವತ್ತು ಎಲ್ಲ ಕಡೆ ಜಾರಿಬಿದ್ದಿತ್ತು. 'ಕರ್ತನೇ' ಎಂದು ಸಾವಿರ ಸಲ ಆದರೂ ಟೈಪ್ ಮಾಡಿರಬೇಕು. ಅಷ್ಟು ಸಲ ಕರೆದದ್ದು ಪ್ರಾರ್ಥನೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅಯ್ಯನವರನ್ನು ಕೇಳಿದೆ. ಅವರು ನಕ್ಕರು, ಉತ್ತರ ಕೊಡಲಿಲ್ಲ.

ಬೆರಳು ನೋಯುತ್ತದೆಂದು ಕಮಿಟಿಯ ನಿರ್ಣಯಗಳನ್ನು ಫೋನಿಗೆ ಬಾಯಲ್ಲೇ ಹೇಳಿ ಬರೆಸಲಿಕ್ಕೂ ಹೊರಟೆ. ಅದು 'ಕರ್ತನ ಭೋಜನ'ವನ್ನು 'ಕತ್ತಲ ಭೋಜನ' ಮಾಡಿತು. ನಾನು ನೋಡದೆ ಗ್ರೂಪಿಗೆ ಹಾಕಿದೆ. ಕರೆಂಟ್ ಹೋಗುವುದು ಮೊದಲೇ ಗೊತ್ತಿತ್ತಾ ಎಂದು ಯಾರೋ ಕೇಳಿದರು.

ಆದರೆ ನಾನು ನಿಜವಾಗಿ ಬೈಗುಳ ತಿಂದದ್ದು ಕಾಣಿಕೆಯ ವಿಷಯದಲ್ಲಿ. ಈಗಿನ ಮಕ್ಕಳ ಕಿಸೆಯಲ್ಲಿ ಚಿಲ್ಲರೆ ಇಲ್ಲ. ಕಾಣಿಕೆ ಚೀಲ ಬಂದಾಗ ಕೈ ಒಳಗೆ ಹಾಕಿ ಖಾಲಿ ತೆಗೆಯುವ ನಾಟಕ ನಾನು ಹಿಂದಿನಿಂದ ನೋಡುತ್ತಿದ್ದೆ. ಬಾಗಿಲ ಹತ್ತಿರದ ಮೇಜಿನಲ್ಲಿ ಕ್ಯೂಆರ್ ಇಡುವುದಕ್ಕೆ ಕಮಿಟಿ ಒಪ್ಪಿತು. ಖಜಾಂಚಿ ಅಂಕಲ್ ರಿಟೈರಾದ ಬ್ಯಾಂಕಿನವರು, ಅವರೇ ಮುತುವರ್ಜಿಯಿಂದ ಮಾಡಿಸಿದರು. ಜೊತೆಗೆ ಒಂದು ಪುಟ್ಟ ಡಬ್ಬಿಯೂ ಬಂತು, ಅಂಗಡಿಗಳಲ್ಲಿ ಇರುತ್ತದಲ್ಲ, ದುಡ್ಡು ಬಂದ ಕೂಡಲೇ ಕೂಗುವಂಥದ್ದು. ಚಂದ ಉಂಟೆಂದು ನಾನು ಅದಕ್ಕೂ ಪ್ಲಗ್ಗು ಹಾಕಿದೆ. ಭಾನುವಾರ ಕಾಣಿಕೆಯ ಹೊತ್ತು. ಕೀಬೋರ್ಡು ಮೆಲ್ಲಗೆ ನುಡಿಯುತ್ತಿತ್ತು. ಹಿಂದಿನಿಂದ ಒಂದು ಹೆಂಗಸಿನ ಸ್ವರ ಗಟ್ಟಿಯಾಗಿ ಕೂಗಿತು: "ಹತ್ತು ರೂಪಾಯಿ ಸ್ವೀಕರಿಸಲಾಗಿದೆ." ಎಲ್ಲ ತಲೆಗಳೂ ಒಟ್ಟಿಗೆ ತಿರುಗಿದವು. ಕೊಟ್ಟವರು ಮೇಸ್ತ್ರಿ ಕೆಲಸದವರಲ್ಲ, ಎರಡು ಕಾರಿರುವವರು. ಅವರು ತಲೆ ತಗ್ಗಿಸಿ ಫೋನು ಒತ್ತಿದರು. ಡಬ್ಬಿ ಮತ್ತೆ ಕೂಗಿತು: "ಐನೂರು ರೂಪಾಯಿ ಸ್ವೀಕರಿಸಲಾಗಿದೆ."

ಅಂದಿನ ಕಾಣಿಕೆ ಆ ವರ್ಷದಲ್ಲೇ ಹೆಚ್ಚಿನದ್ದು. ಖಜಾಂಚಿ ಅಂಕಲ್‌ಗೆ ಡಬ್ಬಿ ಇರಲಿ ಎಂದೇ ಆಸೆ. ಅಯ್ಯನವರು ಮಾತ್ರ ಬೈಬಲಿನಲ್ಲಿ ಮತ್ತಾಯನ ಆರನೇ ಅಧ್ಯಾಯ ತೆಗೆದು ನನ್ನ ಮುಂದೆ ಇಟ್ಟರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಉಂಟಲ್ಲ, ಅದು. "ನೀನು ಎಡಗೈಗೆ ಮಾತ್ರ ಅಲ್ಲ ಮಾರಾಯ, ಬಸ್‌ಸ್ಟ್ಯಾಂಡಿಗೇ ತಿಳಿಸಿದ್ದೀಯ." ಅದೇ ಬೈಬಲಿನಲ್ಲಿ ಎರಡು ಕಾಸು ಕಾಣಿಕೆ ಹಾಕಿದ ಬಡ ವಿಧವೆಯ ಹಿಂದೆ ಈ ಡಬ್ಬಿ ಇದ್ದಿದ್ದರೆ ಹೇಗಾಗುತ್ತಿತ್ತು ಎಂದು ನಾನೂ ಯೋಚಿಸಿದೆ. ಪ್ಲಗ್ಗು ತೆಗೆದೆ. ಡಬ್ಬಿ ಈಗ ಕಪಾಟಿನಲ್ಲಿ ಕ್ರಿಸ್ಮಸ್ ನಕ್ಷತ್ರಗಳ ಜೊತೆಗಿದೆ.

ಲೈವ್ ಮಾತ್ರ ನಿಂತಿಲ್ಲ. ಚರ್ಚು ತೆರೆದ ಮೇಲೂ ಬೇಕು ಎಂದವರು ಊರಿನವರಲ್ಲ, ಹೊರಗಿದ್ದವರು. ನಮ್ಮ ಒಂಬತ್ತು ಗಂಟೆ ಎಂದರೆ ದುಬೈಯಲ್ಲಿ ಏಳೂವರೆ, ಚಳಿಗಾಲದ ಇಸ್ರೇಲಿನಲ್ಲಿ ಐದೂವರೆ. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿ ನಮ್ಮ ಕರಾವಳಿಯವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲೊಬ್ಬ ಅಕ್ಕ ಯಜಮಾನಿ ಏಳುವ ಮೊದಲು, ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಆರಾಧನೆಗೆ ಕೂರುತ್ತಾರೆ. ಅಯ್ಯನವರ ಉಪದೇಶ ಹೇಗಿತ್ತೆಂದು ಅವರು ಬರೆಯುವುದಿಲ್ಲ. "ತಮ್ಮಾ, ಗಂಟೆ ಸರಿ ಕೇಳಲಿಲ್ಲ" ಎಂದು ಬರೆಯುತ್ತಾರೆ. ಅದಕ್ಕೇ ಈಗ ಗಂಟೆಯ ಹಗ್ಗ ಎಳೆಯುವಾಗ ಕಾಲರ್ ಮೈಕನ್ನು (ಕೊನೆಗೂ ಕೊಂಡೆ) ನನ್ನ ಅಂಗಿಗೇ ಸಿಕ್ಕಿಸಿಕೊಳ್ಳುತ್ತೇನೆ. ಗಂಟೆಯ ಜೊತೆ ನನ್ನ ಏದುಸಿರೂ ಇಸ್ರೇಲಿಗೆ ಹೋಗುತ್ತದೆ.

ಮೊನ್ನೆ ಭಾನುವಾರ ಮೊದಲ ಹಾಡಿನ ಹೊತ್ತಿಗೇ ಮೈಕಿನ ಬ್ಯಾಟರಿ ಸತ್ತಿತು. ಚಿತ್ರ ಹೋಗುತ್ತಿತ್ತು, ಸ್ವರ ಇಲ್ಲ. ನಾನು ಬ್ಯಾಟರಿ ಹುಡುಕುತ್ತಾ ಕ್ಯಾಮೆರಾವನ್ನು ಹಲಗೆಯ ಕಡೆ ತಿರುಗಿಸಿಟ್ಟೆ, ನಂಬರಾದರೂ ನೋಡಲಿ ಎಂದು. ಆರಾಧನೆ ಮುಗಿದ ಮೇಲೆ ಫೋನು ತೆಗೆದರೆ ಅಕ್ಕನ ಸಂದೇಶ ಬಂದಿತ್ತು: "ಸ್ವರ ಬರಲಿಲ್ಲ ತಮ್ಮಾ. ನಾನು ಬೋರ್ಡು ನೋಡಿ 66 ಹಾಡಿದೆ. ನೀವೆಲ್ಲ ಪುಸ್ತಕ ಮುಚ್ಚಿದ ಮೇಲೂ ನನ್ನದೊಂದು ಚರಣ ಉಳಿದಿತ್ತು."

ನಾವು ಹಾಡಿದ್ದು 69. ಹಲಗೆಯ ಹತ್ತಿರ ಹೋಗಿ ನೋಡಿದೆ. ಶನಿವಾರ ಸಂಜೆ ನಾನು ಎರಡನೇ ಆರನ್ನು ತಿರುಗಿಸಲಿಕ್ಕೆ ಮರೆತಿದ್ದೆ. ಇಲ್ಲಿ ಅಯ್ಯನವರು ನಂಬರು ಬಾಯಲ್ಲಿ ಹೇಳಿದ್ದರಿಂದ ಒಬ್ಬರಿಗೂ ಗೊತ್ತಾಗಿರಲಿಲ್ಲ.