ಆಪ್ಷನ್ ಬಿ ಸೇನಾಪತಿಗಳು

ಹಾಸನದಲ್ಲಿ ಪಿಯುಸಿ ಅಡ್ಮಿಷನ್ ಶುರುವಾಯ್ತು ಅಂದರೆ ಆರ್ಟ್ಸ್ ಅನ್ನೋ ಮಾತೇ ಅಪಶಕುನ. ಹುಡುಗ ಆರ್ಟ್ಸ್ ತಗೊಂಡ ಅಂತ ಗೊತ್ತಾದರೆ ನೆಂಟರು ಸಮಾಧಾನ ಹೇಳೋಕೆ ಬರುತ್ತಾರೆ. 'ಹೋಗ್ಲಿ ಬಿಡಿ, ಆರೋಗ್ಯವಾಗಿದ್ದಾನಲ್ಲ.'

ಇಂಥ ಊರಲ್ಲಿ ಒಬ್ಬರು ಮಗನನ್ನು ಎನ್‌ಡಿಎ, ಅಂದರೆ ಸೇನಾಧಿಕಾರಿಗಳನ್ನು ತಯಾರು ಮಾಡೋ ಅಕಾಡೆಮಿಯ ಪರೀಕ್ಷೆಗೆ ಕೋಚಿಂಗ್ ಕೊಡಿಸೋಕೆ ಕರೆತಂದರು. 'ಸಾರ್, ಹಿಸ್ಟರಿ-ಗಿಸ್ಟರಿ ಬೇಡ. ಸೀದಾ ಬಂದೂಕಿಗೆ ಬನ್ನಿ.' ಪಾಪ, ಬಂದೂಕಿಗೆ ಮುಂಚೆ 900 ಅಂಕದ ಪರೀಕ್ಷೆ ಇದೆ. ಗಣಿತಕ್ಕೆ 300. ಉಳಿದ 600ರಲ್ಲಿ ಇಂಗ್ಲಿಷು, ಸೈನ್ಸಿನ ಪಕ್ಕದಲ್ಲೇ ಹಿಸ್ಟರಿ, ಭೂಗೋಳ ಕಾಲು ಚಾಚಿಕೊಂಡು ಕೂತಿವೆ. ಭೂಸೇನೆಗಾದರೆ ಆರ್ಟ್ಸ್ ಓದಿದವನೂ ಅರ್ಜಿ ಹಾಕಬಹುದು. ಪಾಸಾದರೆ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಕಾಡೆಮಿಯಲ್ಲಿ ಮೂರು ವರ್ಷ ಬೆವರಿಳಿಸಿ ಡಿಗ್ರಿ ಕೊಡುತ್ತಾರೆ. ಅದು ಬಿ.ಎ. ಕೂಡ ಆಗಿರಬಹುದು. ಕೊಡೋದು ಜೆಎನ್‌ಯು. ಹೌದು, ಟಿವಿ ನೋಡ್ತಾ ನಮ್ಮ ಬೀದಿಯವರು ಬೈಯೋ ಅದೇ ಜೆಎನ್‌ಯು! ಯಜಮಾನರು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡರು.

ನಿಜವಾದ ತಮಾಷೆ ಇರೋದು ಲಿಖಿತ ಪರೀಕ್ಷೆ ಆದಮೇಲಿನ ಎಸ್‌ಎಸ್‌ಬಿಯಲ್ಲಿ, ಅಂದರೆ ಸೇನೆಯ ಆಯ್ಕೆ ಮಂಡಳಿಯಲ್ಲಿ. ಐದು ದಿನದ ಆಯ್ಕೆ. ಅಲ್ಲಿ ಮನಶ್ಶಾಸ್ತ್ರದವರು 30 ಸೆಕೆಂಡ್ ಒಂದೊಂದು ಚಿತ್ರ ತೋರಿಸುತ್ತಾರೆ. 4 ನಿಮಿಷದಲ್ಲಿ ಕಥೆ ಬರೀಬೇಕು. ಕೊನೆಯದು ಖಾಲಿ ಹಾಳೆ, ಅದಕ್ಕೂ ಕಥೆ. ಹುಡುಗ ಹೇಗೆ ಯೋಚಿಸ್ತಾನೆ ಅಂತ ನೋಡೋಕೆ ಇದೆಲ್ಲ. ಕೋಚಿಂಗ್‌ನವರು ಬಿಟ್ಟಾರೆಯೇ? ರೆಡಿಮೇಡ್ ಕಥೆ ಹೊಲಿದಿಟ್ಟಿದ್ದಾರೆ. ಚಿತ್ರದಲ್ಲಿ ಹೆಂಗಸು ನೀರು ಸೇದುತ್ತಿರಲಿ, ಮುದುಕ ಬೀಡಿ ಸೇದುತ್ತಿರಲಿ, ರವಿ ಬರಲೇಬೇಕು. ಬಂದು ಪ್ರವಾಹದಿಂದ ಊರು ಉಳಿಸಬೇಕು. ಖಾಲಿ ಹಾಳೆಯಲ್ಲೂ ಅದೇ ರವಿ, ಅದೇ ಪ್ರವಾಹ. ಕಥೆ ಪುಸ್ತಕ ಕಂಡರೆ ಕಿತ್ತುಕೊಂಡು ಬೀರುವಿಗೆ ಹಾಕುತ್ತಿದ್ದ ಅಪ್ಪಂದಿರು ಈಗ ಕಥೆಗೆ ಫೀಸು ಕಟ್ಟುತ್ತಾರೆ. ಅದೂ ಜಿಎಸ್‌ಟಿ ಸಮೇತ.

ಒಂದು ಭಾನುವಾರ ಇದೇ ಪಡೆ ಹಳೇಬೀಡಿಗೆ ಹೊರಟಿತು. ಯುದ್ಧದ ಪಾಠಕ್ಕೆ ಅದಕ್ಕಿಂತ ಒಳ್ಳೆ ಕ್ಲಾಸ್‌ರೂಮು ಬೇಕಾ? ಪಾಂಡ್ಯ ಅಣ್ಣತಮ್ಮಂದಿರ ಸಿಂಹಾಸನದ ಜಗಳದಲ್ಲಿ ಲಾಭ ಮಾಡ್ಕೊಳ್ಳೋಣ ಅಂತ ಹೊಯ್ಸಳ ರಾಜ ಮೂರನೇ ಬಲ್ಲಾಳ ದಕ್ಷಿಣಕ್ಕೆ ಹೋಗಿದ್ದ. ಅತ್ತ ಅವನು ಹೋದರೆ ಇತ್ತ ಅವನ ರಾಜಧಾನಿ ದೋರಸಮುದ್ರದ, ಅಂದರೆ ಇದೇ ಹಳೇಬೀಡಿನ, ಬಾಗಿಲಿಗೆ ದೆಹಲಿಯ ಸೈನ್ಯ ಬಂದು ನಿಂತಿತ್ತು. ಮೇಷ್ಟ್ರು ಇಷ್ಟು ಹೇಳಿದ್ದೇ ತಡ, ಹಿಂದಿನಿಂದ ಒಬ್ಬ ಹುಡುಗ ಕೈ ಎತ್ತಿದ.

'ಸಾರ್, ರಾಜಧಾನಿ ಕಾಯೋಕೆ ಯಾರನ್ನ ಬಿಟ್ಟು ಹೋಗಿದ್ದ? ಶತ್ರು ಬರ್ತಿರೋ ಸುದ್ದಿ ಯಾಕೆ ಮುಂಚೆ ಸಿಗಲಿಲ್ಲ?'

ಮೇಷ್ಟ್ರು ವಾಚು ನೋಡಿಕೊಂಡರು.

'ಸಿಲಬಸ್ಸಲ್ಲಿ ಇಲ್ದಿದ್ದು ಕೇಳಬೇಡ ಕಣಯ್ಯ. 1311, ಮಲ್ಲಿಕ್ ಕಾಫರ್, ಆಪ್ಷನ್ ಬಿ. ಬರ್ಕೊಂಡ್ಯಾ? ನಡಿ, ಬಸ್ಸಿಗೆ ಹೊತ್ತಾಯ್ತು.'