ತಾನಾಗಿ ತೇಲಿಬಂದ ಪಾಚಿಯಲ್ಲ

ಮನ್ನಾರ್ ಕೊಲ್ಲಿಯ ಹವಳಕ್ಕೆ ಮುತ್ತಿದ ಕಪ್ಪಾಫೈಕಸ್ ನಮ್ಮ ಕಡಲಿನದೇ ಕೆಂಪು ಪಾಚಿ, ಸಮುದ್ರ ಬಿಸಿಯಾಗಿದ್ದಕ್ಕೆ ಹೆಚ್ಚಿದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದು ಸರಿಯಲ್ಲ.

ಇದರ ತವರು ಫಿಲಿಪ್ಪೀನ್ಸ್ ಕಡೆಯ ಕಡಲು. ಐಸ್‌ಕ್ರೀಮಿಗೂ ಟೂತ್‌ಪೇಸ್ಟಿಗೂ ಬೇಕಾದ ಕ್ಯಾರಜೀನನ್ ಎಂಬ ಅಂಟಿಗಾಗಿ ಇದನ್ನು ಇಲ್ಲಿಗೆ ತಂದವರು ನಾವೇ. ತಮಿಳುನಾಡಿನ ಮಂಡಪಂ ಸುತ್ತ ಬಿದಿರಿನ ತೆಪ್ಪಗಳಿಗೆ ಕಟ್ಟಿ ಬೆಳೆಸಿದರು. ಕುರುಸಡೈ ದ್ವೀಪದ ಜೀವಂತ ಹವಳದ ಮೇಲೆ ಇದು ಹಬ್ಬಿದ್ದು 2008ರಲ್ಲೇ ವರದಿಯಾಗಿದೆ.

ಬೀಜ ಬೇಕಿಲ್ಲ, ಅಲೆಗೆ ಮುರಿದ ಬೆರಳುದ್ದದ ತುಂಡು ಸಿಕ್ಕಿಕೊಂಡಲ್ಲೇ ಚಿಗುರುತ್ತದೆ. ದಪ್ಪ ಚಾಪೆಯಂತೆ ಕವಿದರೆ ಹವಳಕ್ಕೆ ಬೆಳಕಿಲ್ಲ. ಅಂದಹಾಗೆ, ಕೆಂಪು ಪಾಚಿ ಎನ್ನುವುದು ಗುಂಪಿನ ಹೆಸರು ಮಾತ್ರ, ಕೈಗೆತ್ತಿಕೊಂಡರೆ ಎಷ್ಟೋ ಸಲ ಹಸಿರು ಇಲ್ಲವೇ ಕಂದು. ಹಾಗಾಗಿ ಫೋಟೋದ ಬಣ್ಣ ನೋಡಿ ಇದು ಯಾವ ಪಾಚಿ ಎಂದು ತೀರ್ಪು ಕೊಡಬೇಡಿ.